ಎರಡು ಕಣಗಳ ನಡುವೆ

ವಿಜಯಪುರ ಸೀಮೆಯ ಕನ್ನಡದಲ್ಲಿ ‘ಕಣ’ ಎಂದರೆ ಎರಡು ಜಾಗ. ಒಂದು, ಜೋಳದ ತೆನೆ ತುಳಿಸಿ ರಾಶಿ ಮಾಡುವ ಹೊಲದ ಕಣ. ಇನ್ನೊಂದು, ಲಂಗೋಟಿ ಕಟ್ಟಿದ ಪೈಲ್ವಾನರು ಇಳಿಯುವ ಕುಸ್ತಿ ಕಣ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಮೊದಲನೆಯ ಕಣ ತುಂಬಿದ ವರ್ಷ ಎರಡನೆಯದೂ ತುಂಬುತ್ತಿತ್ತು. ಮೊದಲನೆಯದು ಬರಿದಾದ ವರ್ಷ ಎರಡನೆಯದರಲ್ಲಿ ಹಲಗಿ ಸದ್ದು ಮಾಡುತ್ತಿರಲಿಲ್ಲ. ಈ ನಾಲ್ಕು ತಾಲ್ಲೂಕುಗಳ ಗರಡಿಮನೆಗಳ ಚರಿತ್ರೆಯನ್ನು ಗೆದ್ದವರ ಹೆಸರು ಹಿಡಿದು ಬರೆಯಹೊರಟರೆ ಹೆಚ್ಚು ದೂರ ಹೋಗಲಾಗದು. ಜೋಳದ ಲೆಕ್ಕ ಹಿಡಿದು ಹೋದರೆ ಅದು ಬಹಳ ಹಿಂದಕ್ಕೆ, ಬಹಳ ಆಳಕ್ಕೆ ಕರೆದೊಯ್ಯುತ್ತದೆ.

ಇಲ್ಲಿನದು ಎರೆ ಭೂಮಿ. ಮಳೆ ಬಿದ್ದರೆ ಕಾಲಿಗೆ ಮೆತ್ತುತ್ತದೆ, ಬಿಸಿಲಿಗೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮುಂಗಾರಿಗಿಂತ ಹಿಂಗಾರಿಯೇ ಇಲ್ಲಿ ದೊಡ್ಡದು. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಬಿಳಿಜೋಳ ನೆಲದ ತೇವ ಮತ್ತು ಚಳಿಯ ಇಬ್ಬನಿ ಕುಡಿದು ಬೆಳೆದು, ಫೆಬ್ರವರಿ–ಮಾರ್ಚಿನಲ್ಲಿ ಕೊಯ್ಲಿಗೆ ಬರುತ್ತದೆ. ಡೋಣಿ ನದಿಯ ನೀರು ಉಪ್ಪು, ಅದರ ದಂಡೆಯ ಮಣ್ಣು ಬಂಗಾರ. ಡೋಣಿಯ ಹೊಲ ಬೆಳೆದರೆ ಓಣಿ ಓಣಿಗೂ ಜೋಳ ಎಂಬ ಮಾತು ಈ ಭಾಗದಲ್ಲಿ ಈಗಲೂ ಕೇಳಿಬರುತ್ತದೆ. ಊರಿನ ಜಾತ್ರೆಗಳ ಕಾಲವೂ ಇದೇ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ ನೆರೆಯುತ್ತದೆ, ಅಲ್ಲಿ ದನಗಳ ಸಂತೆ, ಭಾರ ಎತ್ತುವ ಪಂದ್ಯ, ಜಂಗಿ ಕುಸ್ತಿ ಮೂರೂ ಇರುತ್ತವೆ. ಅಲ್ಲಿಂದ ಯುಗಾದಿಯ ಆಚೆಯವರೆಗೂ ಒಂದಲ್ಲ ಒಂದು ಊರಿನಲ್ಲಿ ತೇರು. ಶ್ರಾವಣಕ್ಕೆ ಬಾಗೇವಾಡಿಯ ಮೂಲ ನಂದೀಶ್ವರನ ಜಾತ್ರೆ. ಪೈಲ್ವಾನನಿಗೆ ಇದೇ ಪಂಚಾಂಗ.

ಹಳೆಯ ಗರಡಿಮನೆಯ ಬಾಗಿಲು ಗಿಡ್ಡ, ತಲೆ ಬಗ್ಗಿಸದೆ ಒಳಗೆ ಕಾಲಿಡಲಾಗದು. ನೆಲ ಹೊರಗಿನ ಅಂಗಳಕ್ಕಿಂತ ತಗ್ಗು, ಬೆಳಕು ಬರಲು ಒಂದೆರಡು ಕಿಂಡಿ. ಗೋಡೆಯ ಗೂಡಿನಲ್ಲಿ ಸಿಂಧೂರ ಬಳಿದ ಹಣಮಪ್ಪ. ಮೂಲೆಯಲ್ಲಿ ಲೋಡು, ಕರಲಾಕಟ್ಟಿ, ಕಲ್ಲಿನ ಗುಂಡು. ನಡುವೆ ಮಣ್ಣಿನ ಅಖಾಡ. ಈ ಮಣ್ಣಿನದೇ ಒಂದು ಕಥೆ. ಊರ ಸುತ್ತ ಎತ್ತ ನೋಡಿದರೂ ಇರುವುದು ಎರೆ, ಅದು ಕುಸ್ತಿಗೆ ಬಾರದು. ಒಣಗಿದರೆ ಕಲ್ಲು, ನೆನೆದರೆ ಅಂಟು. ಕೆಂಪು ಮಣ್ಣನ್ನು ಬಂಡಿಯಲ್ಲಿ ಬೇರೆ ಕಡೆಯಿಂದ ತರಬೇಕು. ತಂದದ್ದನ್ನು ಜರಡಿ ಹಿಡಿದು ಹರಳು ಕಲ್ಲು ತೆಗೆಯಬೇಕು. ಆಮೇಲೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ, ಬುಟ್ಟಿಗಟ್ಟಲೆ ಲಿಂಬೆಹಣ್ಣು ಹಿಂಡಿ, ಗುದ್ದಲಿಯಿಂದ ಮೇಲೆ ಕೆಳಗೆ ಮಾಡುತ್ತ ಹದಕ್ಕೆ ತರಬೇಕು. ಗಾಯವಾದರೆ ಕೀವು ಕಟ್ಟದಿರಲಿ, ಬಿದ್ದರೆ ಮೂಳೆ ನೋಯದಿರಲಿ ಎಂದು ಇಷ್ಟೆಲ್ಲ. ಲಿಂಬೆಗೆ ಇಂಡಿ ಸೀಮೆಯವರು ಯಾರ ಮನೆ ಬಾಗಿಲಿಗೂ ಹೋಗಬೇಕಾಗಿಲ್ಲ. ಈಚೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದು ಹೊರದೇಶಕ್ಕೂ ಹೊರಟಿರುವ ಇಂಡಿ ಲಿಂಬೆ, ಆ ಕಾಗದ ಬರುವುದಕ್ಕೆ ಎಷ್ಟೋ ಮೊದಲೇ ಈ ಭಾಗದ ಹುಡುಗರ ಮೈಗೆ ಮೆತ್ತಿದ ಹಣ್ಣು.

ಪೈಲ್ವಾನನ ಮಾತುಗಳನ್ನು ಕೇಳಿದರೆ ನಾಡಿನ ಚರಿತ್ರೆಯೇ ಕಿವಿಗೆ ಬೀಳುತ್ತದೆ. ಗರಡಿ, ಮಟ್ಟಿ, ಸಾಮು, ವರಸೆ ಇಲ್ಲಿನ ಮಾತುಗಳು. ಉಸ್ತಾದ, ತಾಲೀಮು, ಖುರಾಕು ಆದಿಲಶಾಹಿಗಳ ನಾಡಿನಲ್ಲಿ ಪಾರಸಿ–ಉರ್ದುವಿನ ಒಡನಾಟದಿಂದ ಉಳಿದುಕೊಂಡವು, ಪೈಲ್ವಾನ ಎಂಬ ಹೆಸರೇ ಪಾರಸಿಯದು. ದಂಡ, ಬೈಠಕ್, ನಿಕಾಲಿ ಉತ್ತರದಿಂದಲೂ ಮರಾಠಿ ಸೀಮೆಯಿಂದಲೂ ಬಂದವು. ಒಬ್ಬನೇ ಉಸ್ತಾದ ಒಂದೇ ಉಸಿರಿನಲ್ಲಿ ಹಣಮಪ್ಪನಿಗೆ ಕೈಮುಗಿದು ಯಾ ಅಲಿ ಎಂದು ತೊಡೆ ತಟ್ಟುವುದು ಈ ಭಾಗದಲ್ಲಿ ಯಾರಿಗೂ ಹೊಸದೆನಿಸಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಕಲ್ಯಾಣದ ಚಾಲುಕ್ಯರು ಸಿಗುತ್ತಾರೆ. ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ ಎಂಬ ಭಾಗವಿದೆ. ಆ ಗ್ರಂಥ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ವಿಂಗಡಿಸುತ್ತದೆ. ಅವರ ಊಟ, ಭಾರ ಎತ್ತುವ ಅಭ್ಯಾಸ, ಕಂಬದ ಮೇಲಿನ ಸಾಧನೆ ಎಲ್ಲವನ್ನೂ ಹೇಳುತ್ತದೆ. ಅಲ್ಲಿ ಮಲ್ಲನನ್ನು ಸಾಕುವವನು ಅರಸ. ಖರ್ಚು ಅರಮನೆಯದು, ನೋಡುವ ಸುಖವೂ ಅರಮನೆಯದು.

ಹಳ್ಳಿಯ ಗರಡಿ ಹಾಗಲ್ಲ, ಅದನ್ನು ಸಾಕಿದ್ದು ಊರು. ಊರು ಒಂದು ಸಂಸ್ಥೆಯನ್ನು ಹೇಗೆ ಸಾಕುತ್ತಿತ್ತು ಎಂಬುದಕ್ಕೆ ಇಂಡಿ ತಾಲ್ಲೂಕಿನಲ್ಲೇ ಸಾವಿರ ವರ್ಷಕ್ಕೂ ಹಳೆಯ ಸಾಕ್ಷಿಯಿದೆ. ಸಾಲೋಟಗಿಯ 945ರ ಕಂಬ ಶಾಸನ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ, ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು ಬಂದು ನಿಂತರು, ಅವರಿಗೆಂದು 27 ಮನೆಗಳಿದ್ದವು, ಭೂಮಿ ಬಿಟ್ಟುಕೊಡಲಾಗಿತ್ತು. ಅದಲ್ಲದೆ ಊರಿನಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನವಾದರೆ ಅದರರ್ಧ ಎಂದು ಕಟ್ಟುಪಾಡು. ಓದುವ ಮಕ್ಕಳ ಶಾಲೆಗೂ ಕುಸ್ತಿಯ ಗರಡಿಗೂ ನೇರ ಸಂಬಂಧವಿಲ್ಲ ನಿಜ. ಆದರೆ ಊರವರಿಂದ ವಂತಿಗೆ ಕೂಡಿಸುವ, ಈಗ ಈ ಭಾಗದಲ್ಲಿ ‘ಪಟ್ಟಿ ಎತ್ತುವುದು’ ಎಂದು ಕರೆಯುವ ಅದೇ ಪದ್ಧತಿ ಅಲ್ಲಿ ಕಲ್ಲಿನಲ್ಲಿ ಕೆತ್ತಿ ನಿಂತಿದೆ.

ರಾಶಿ ಕಾಲದಲ್ಲಿ ಜಾತ್ರೆಯ ಪಟ್ಟಿಗಾಗಿ ಹಿರಿಯರು ಕಣದಿಂದ ಕಣಕ್ಕೆ ಹೋಗುತ್ತಿದ್ದರು. ಕಣದ ನಡುವೆ ಮೇಟಿ, ಅದರ ಸುತ್ತ ಹಂತಿ ಕಟ್ಟಿದ ಎತ್ತುಗಳು, ರಾತ್ರಿಯೆಲ್ಲ ಹಂತಿಯ ಪದ. ರಾಶಿಗೆ ಪೂಜೆಯಾದ ಮೇಲೆ ಅಳೆಯುವ ಮುನ್ನ ದೇವರ ಪಾಲು, ಆಯಗಾರರ ಪಾಲು, ಜಾತ್ರೆಯ ಪಾಲು ತೆಗೆದಿಡುವುದು ರೂಢಿ. ಆ ಜೋಳವೇ ಮುಂದೆ ತೇರಿನ ಹಗ್ಗವಾಗುತ್ತಿತ್ತು, ದಾಸೋಹದ ರೊಟ್ಟಿಯಾಗುತ್ತಿತ್ತು, ಕುಸ್ತಿ ಗೆದ್ದವನ ಕೈಯ ಬೆಳ್ಳಿ ಕಡಗವೂ ಆಗುತ್ತಿತ್ತು. ಹಲಸಂಗಿಯ ಮಧುರಚೆನ್ನ, ಚಡಚಣದ ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಈ ಸೀಮೆಯ ಹಾಡುಗಳನ್ನು ಮನೆಮನೆ ಅಲೆದು ಬರೆದುಕೊಂಡರು. 1931ರಲ್ಲಿ ಬಂದ ‘ಗರತಿಯ ಹಾಡು’ ಅಂಥ ದುಡಿಮೆಯ ಫಲ. ಕುಸ್ತಿ ಕಣದ ಮಾತುಗಳಿಗೆ ಅಂಥ ಗೆಳೆಯರ ಬಳಗ ಸಿಗಲಿಲ್ಲ. ಉಸ್ತಾದರ ಜೊತೆಗೇ ಎಷ್ಟೋ ಪೇಚುಗಳ ಹೆಸರು ಹೋಗಿಬಿಟ್ಟವು. ಇದು ನಿಜವಾದ ನಷ್ಟ.

ಜಾತ್ರೆಯ ಕುಸ್ತಿಯನ್ನು ಹತ್ತಿರದಿಂದ ನೋಡಬೇಕು. ತೇರು ಎಳೆದ ಮರುದಿನ, ಬಿಸಿಲು ಇಳಿಯುವ ಹೊತ್ತಿಗೆ ಊರ ಹೊರಗಿನ ಹೊಲದಲ್ಲಿ ಜನ ಗುಂಡಗೆ ಕೂತಿರುತ್ತಾರೆ. ಮುಂದೆ ಮಕ್ಕಳು, ಹಿಂದೆ ಪಟಗದವರು, ಅವರ ಹಿಂದೆ ಬಂಡಿ ಮತ್ತು ಟ್ರ್ಯಾಕ್ಟರ್‌ಗಳ ಮೇಲೆ ನಿಂತವರು. ಹಲಗಿ ಬಡಿದ ಕೂಡಲೆ ಚಿಕ್ಕ ಹುಡುಗರ ಜೋಡಿ. ಹಳೆಯ ಪೈಲ್ವಾನನೊಬ್ಬ ಇಬ್ಬರು ಹುಡುಗರ ಕೈ ಹಿಡಿದು ಕಣದ ಸುತ್ತ ನಡೆಸುತ್ತಾನೆ. “ಜೋಡಿ ಸರಿ ಅದ ಏನ್ರೀ?” ಎಂದು ಅವನು ಕೇಳಿದರೆ ಜನರೇ ತೀರ್ಪು ಕೊಡುತ್ತಾರೆ. ಒಬ್ಬ ಹೆಚ್ಚು ಬಲಿತವನಾಗಿ ಕಂಡರೆ “ಬ್ಯಾಡ್ರೀ, ಬ್ಯಾರೆ ತರ್ರಿ” ಎಂದು ನಾಲ್ಕೂ ಕಡೆಯಿಂದ ಕೂಗು. ತೂಕದ ಯಂತ್ರವಿಲ್ಲ, ವಯಸ್ಸಿನ ದಾಖಲೆ ಇಲ್ಲ. ಅಲ್ಲಿರುವುದು ನೂರಾರು ಕಣ್ಣುಗಳ ಅಳತೆ. ಮೊದಲ ಕುಸ್ತಿಗಳ ಇನಾಮು ತೆಂಗಿನಕಾಯಿ. ಸಂಜೆ ಏರಿದಂತೆ ಇನಾಮೂ ಏರುತ್ತ ಹೋಗಿ, ದೀಪ ಹಚ್ಚುವ ಹೊತ್ತಿಗೆ ನಂಬರ್ ಒಂದು ಕುಸ್ತಿ. ಜಂಗಿ ನಿಕಾಲಿ ಎಂದರೆ ಬೆನ್ನು ಮಣ್ಣಿಗೆ ಹತ್ತುವವರೆಗೆ ಆಟ ಮುಗಿಯದು. ಗೆದ್ದವನು ಕಣ ಸುತ್ತಿ ಬರುವಾಗ ಜನ ಹತ್ತು, ಇಪ್ಪತ್ತರ ನೋಟು ಕೈಗಿಡುತ್ತಾರೆ. ಕೆಲವರು ಸೋತವನಿಗೂ ಕೊಡುತ್ತಾರೆ.

ಅದೇ ಜಾತ್ರೆಯಲ್ಲಿ ಜೋಳದ ಚೀಲ ಎತ್ತುವ, ಗುಂಡು ಎತ್ತುವ, ಸಂಗ್ರಾಣಿ ಕಲ್ಲು ಎತ್ತುವ ಪಂದ್ಯಗಳೂ ಇರುತ್ತವೆ. ಚೀಲ ಎತ್ತುವುದು ಹಮಾಲರ ಕಸುಬು, ರೈತರ ದಿನದ ಕೆಲಸ. ದುಡಿಮೆಯ ಮೈಯನ್ನೇ ಕಣಕ್ಕೆ ತಂದು ತೋರಿಸಿ ಮರ್ಯಾದೆ ಪಡೆಯುವುದು ಈ ಸೀಮೆಯ ಆಟಗಳ ಗುಣ.

ಈ ವ್ಯವಸ್ಥೆಯ ಬೆನ್ನು ಎಷ್ಟು ತೆಳ್ಳಗಿತ್ತು ಎಂಬುದನ್ನು 1876–78ರ ಬರ ತೋರಿಸಿಕೊಟ್ಟಿತು. ಆಗ ಇದು ಮುಂಬಯಿ ಇಲಾಖೆಯ ಕಲಾದಗಿ ಜಿಲ್ಲೆ. 1872ರ ಜನಗಣತಿಯಲ್ಲಿ ಸುಮಾರು 8 ಲಕ್ಷ 16 ಸಾವಿರ ಜನರಿದ್ದ ಜಿಲ್ಲೆಯಲ್ಲಿ 1881ಕ್ಕೆ ಉಳಿದವರು ಸುಮಾರು 6 ಲಕ್ಷ 38 ಸಾವಿರ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸತ್ತರು ಅಥವಾ ಊರು ಬಿಟ್ಟರು. ಹಂತಿಯ ಎತ್ತುಗಳೇ ಇಲ್ಲದ ವರ್ಷ ಕುಸ್ತಿ ಕಣದ ಮಾತು ಯಾರು ಎತ್ತಿಯಾರು? ಆ ಅಂಕಿಗಳನ್ನು ಓದುವಾಗ ಬೀಗ ಬಿದ್ದ ಗರಡಿಗಳು, ಬಿರಿದು ಕಲ್ಲಾದ ಅಖಾಡಗಳು ಕಣ್ಣ ಮುಂದೆ ಬರುತ್ತವೆ. ಆದರೂ ಜನಸಂಖ್ಯೆ 1891ರ ಹೊತ್ತಿಗೆ ಮತ್ತೆ 8 ಲಕ್ಷದ ಹತ್ತಿರ ಬಂತು. ಉಳಿದವರು ಬಿತ್ತಿದರು, ತೇರು ಎಳೆದರು. ಮಣ್ಣೂ ಮತ್ತೆ ಹದಕ್ಕೆ ಬಂತು.

1885ರಲ್ಲಿ ಜಿಲ್ಲೆಯ ಕಚೇರಿ ಕಲಾದಗಿಯಿಂದ ವಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ, ಬಂತು. ಅದೇ ದಶಕದಲ್ಲಿ ಹೋಟಗಿ–ಗದಗ ರೈಲುಮಾರ್ಗ ಸಿದ್ಧವಾಯಿತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂದು ಊರಿನಿಂದ ದೂರದಲ್ಲಿ ನಿಲ್ದಾಣಗಳು ಎದ್ದವು. ಹತ್ತಿ ಮೂಟೆಗಳಿಗೂ ಜೋಳಕ್ಕೂ ಹಾಕಿದ ಆ ಹಳಿ ಪೈಲ್ವಾನರಿಗೂ ದಾರಿಯಾಯಿತು. ಹೋಟಗಿಗೆ ಹೋದರೆ ಸೊಲ್ಲಾಪುರ, ಅಲ್ಲಿಂದ ಮುಂದೆ ಮಿರಜ, ಕೊಲ್ಹಾಪುರ.

ಕೊಲ್ಹಾಪುರ ಆಗ ಕುಸ್ತಿಯ ಕಾಶಿ. 1894ರಿಂದ 1922ರವರೆಗೆ ಆಳಿದ ಶಾಹು ಮಹಾರಾಜರು ಯುರೋಪಿಗೆ ಹೋದಾಗ ರೋಮಿನ ಹಳೆಯ ಬಯಲು ರಂಗವನ್ನು ಕಂಡು ಬಂದರು. ಅದೇ ಮಾದರಿಯಲ್ಲಿ 1912ರಲ್ಲಿ ಖಾಸಬಾಗ ಮೈದಾನ ಸಿದ್ಧವಾಯಿತು. ಎಲ್ಲಿ ಕೂತರೂ ನಡುವಿನ ಕಣ ಕಾಣುವಂಥ ಕಟ್ಟಡ ಅದು. ಗಂಗಾವೇಶ, ಮೋತಿಬಾಗ, ಶಾಹುಪುರಿ ತಾಲೀಮುಗಳಲ್ಲಿ ಕನ್ನಡ ಮಾತಾಡುವ ಹುಡುಗರು ಮಣ್ಣು ಮೆತ್ತಿಕೊಂಡು ಬೆಳೆದರು. ಬೆಳಗಾವಿ ಜಿಲ್ಲೆಯ ಯಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ 1959ರಲ್ಲಿ ಮೊದಲ ಹಿಂದ್ ಕೇಸರಿಯಾದದ್ದು ಈ ದಾರಿಯ ಎತ್ತರದ ತುದಿ. ನಾಲ್ಕು ತಾಲ್ಲೂಕುಗಳ ಹೆಚ್ಚಿನ ಪೈಲ್ವಾನರು ಆ ಎತ್ತರಕ್ಕೆ ಹೋದವರಲ್ಲ. ಅವರು ಒಂದು ಸುಗ್ಗಿಯಲ್ಲಿ ಹತ್ತಾರು ಜಾತ್ರೆ ತಿರುಗಿ, ಒಂದೆರಡು ಕಡಗ, ಒಂದಷ್ಟು ಪಾತ್ರೆ, ಮೈತುಂಬ ಗಾಯ ಹೊತ್ತು ಮನೆಗೆ ಬಂದು, ಮುಂಗಾರಿಗೆ ಮತ್ತೆ ಕುಂಟೆ ಹಿಡಿದವರು. ಕುಸ್ತಿಯನ್ನು ಬದುಕಿಸಿದವರು ಇಂಥ ಎರಡನೇ, ಮೂರನೇ ಸಾಲಿನವರೇ ಎಂದು ಧೈರ್ಯದಿಂದ ಹೇಳಬಹುದು.

1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡಿಗರಿಗೆ ಅದು ಎಷ್ಟೋ ವರ್ಷ ಕಾದ ದಿನ. ಪೈಲ್ವಾನನಿಗೆ ಮಾತ್ರ ಒಂದು ಚಿಕ್ಕ ತೊಡಕು. ಅವನ ತಾಲೀಮು ಗಡಿಯಾಚೆ ಉಳಿಯಿತು. 1961ರಲ್ಲಿ ಮಹಾರಾಷ್ಟ್ರ ಕೇಸರಿ ಪಂದ್ಯ ಶುರುವಾದಾಗ ಅದು ಆ ರಾಜ್ಯದವರದಾಯಿತು. ಇತ್ತ ಬೆಂಗಳೂರು, ಮೈಸೂರು ಐದುನೂರು ಕಿಲೋಮೀಟರಿಗೂ ದೂರ. ಗಡಿಭಾಗದ ಆಟಗಾರ ಎರಡೂ ಕಡೆಯವನು, ಎರಡೂ ಕಡೆ ಹೊರಗಿನವನು.

ಊರು ಸಾಕಿದ ಆಟ ನಿಂತರೆ ಊರು ಏನು ಮಾಡುತ್ತದೆ ಎಂದು ಯೋಚಿಸುವಾಗ ಒಂದು ದೂರದ ಊರಿನ ಕಥೆ ನೆನಪಾಗುತ್ತದೆ. ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆಯಲ್ಲಿ ಬರಿ ಎಂಬ ಹತ್ತಿ ಗಿರಣಿಯ ಊರಿದೆ. 1860ರ ದಶಕದಲ್ಲಿ ಅಮೆರಿಕದ ಯುದ್ಧದಿಂದ ಅಲ್ಲಿನ ಹತ್ತಿ ನಿಂತುಹೋದಾಗ ಲ್ಯಾಂಕಶೈರಿನ ಗಿರಣಿಗಳಿಗೆ ಮುಂಬಯಿ ಬಂದರಿನಿಂದ ದಖ್ಖನಿನ ಎರೆ ಹೊಲದ ಹತ್ತಿ ಹಡಗೇರಿ ಹೋಗುತ್ತಿತ್ತು. ವಿಜಾಪುರಕ್ಕೆ ಜಿಲ್ಲಾ ಕಚೇರಿ ಬಂದ 1885ರಲ್ಲೇ ಆ ಊರಿನವರು ಬರಿ ಫುಟ್‌ಬಾಲ್ ಕ್ಲಬ್ ಕಟ್ಟಿದರು. ಅದು ಎಫ್‌ಎ ಕಪ್ಪನ್ನು 1900ರಲ್ಲಿ, ಮತ್ತೆ 1903ರಲ್ಲಿ ಗೆದ್ದಿತು. ಆಮೇಲೆ ಬಹುಕಾಲ ಕೆಳಗಿನ ದರ್ಜೆಗಳಲ್ಲೇ ಏರುತ್ತ ಇಳಿಯುತ್ತ ಇತ್ತು. 2018–19ರಲ್ಲಿ ಆಟಗಾರರಿಗೆ ಸಂಬಳ ಸಿಗದ ಸ್ಥಿತಿಯಲ್ಲೂ ತಂಡ ಗೆದ್ದು ಮೇಲಿನ ದರ್ಜೆಗೆ ಏರಿತು. ಆದರೆ ಸಾಲ ತೀರಲಿಲ್ಲ. 2019ರ ಆಗಸ್ಟ್ 27ರಂದು ಲೀಗ್ ಅದನ್ನು ಹೊರಹಾಕಿತು. ಅದೇ ದಿನ ನೂರಾರು ಅಭಿಮಾನಿಗಳು ಪೊರಕೆ, ಬಕೆಟ್ ಹಿಡಿದು ಮೈದಾನಕ್ಕೆ ಬಂದಿದ್ದರು. ಕ್ಲಬ್ ಉಳಿಯುತ್ತದೆ, ಮುಂದಿನ ಪಂದ್ಯಕ್ಕೆ ಕುರ್ಚಿ ಒರೆಸಿಡೋಣ ಎಂದು. ನಾಲ್ಕು ವರ್ಷದ ನಂತರ, 2023ರಲ್ಲಿ, ಆ ಊರಿನವರೇ ಸೇರಿ ಅದೇ ಹೆಸರಿನಲ್ಲಿ, ಅದೇ ಮೈದಾನದಲ್ಲಿ, ಬಹಳ ಕೆಳಗಿನ ಮೆಟ್ಟಿಲಿನಿಂದ ಮತ್ತೆ ಆಟ ಶುರುಮಾಡಿದರು. ಪೊರಕೆ ಹಿಡಿದು ಬಂದ ಆ ಜನರನ್ನು ಮುದ್ದೇಬಿಹಾಳದ ಯಾವ ಜಾತ್ರಾ ಕಮಿಟಿಯವರೂ ನಮ್ಮವರೇ ಎಂದು ಗುರುತಿಸಿಯಾರು.

ಈ ಸೀಮೆಯ ಗರಡಿಗಳಿಗೆ ಪೆಟ್ಟು ಒಂದೇ ದಿನ ಬೀಳಲಿಲ್ಲ. 1972ರ ಬರದಲ್ಲಿ ದಖ್ಖನಿನ ರೈತರು ಕಲ್ಲು ಒಡೆಯುವ ಕಾಮಗಾರಿಗೆ ನಿಂತರು. ಗೋವಾ, ಮಂಗಳೂರು, ಪುಣೆಯ ದಾರಿ ಹಿಡಿದ ಕುಟುಂಬಗಳಲ್ಲಿ ಎಷ್ಟೋ ಮಂದಿ ವರ್ಷಕ್ಕೊಮ್ಮೆ ಜಾತ್ರೆಗಷ್ಟೇ ಊರಿಗೆ ಬರುವವರಾದರು. 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟೆ ನಾಡಿಗೆ ಅರ್ಪಣೆಯಾದದ್ದು 2006ರಲ್ಲಿ. ನೀರು ಬಂದ ಕಡೆ ಕಬ್ಬು ಬಂತು, ಹಿನ್ನೀರು ಬಂದ ಕಡೆ ಊರುಗಳೇ ಎತ್ತರಕ್ಕೆ ಹೋದವು. ಕಬ್ಬು ಸೀದಾ ಕಾರ್ಖಾನೆಗೆ ಹೋಗುತ್ತದೆ, ಅದಕ್ಕೆ ಕಣವಿಲ್ಲ. ಉಳಿದ ಜೋಳಕ್ಕೂ ಈಗ ಯಂತ್ರ. ಒಂದು ಮಧ್ಯಾಹ್ನದಲ್ಲಿ ರಾಶಿ ಮುಗಿದು ಚೀಲಗಳು ಟ್ರ್ಯಾಕ್ಟರ್ ಏರುತ್ತವೆ. ಮೇಟಿ ಇಲ್ಲ, ಹಂತಿ ಇಲ್ಲ. ಪಟ್ಟಿ ಎತ್ತಲು ಹಿರಿಯರು ಹೋಗಿ ನಿಲ್ಲುವ ಜಾಗವೇ ಕಾಣೆಯಾಯಿತು. ನೀರಾವರಿ ತಂದ ಅನ್ನವನ್ನು ಯಾರೂ ಹಳಿಯಲಾರರು. ಆದರೆ ಹೊಲದ ಕಣದ ಜೊತೆ ಕುಸ್ತಿ ಕಣವೂ ಹೋಗುತ್ತದೆ ಎಂಬ ಎಣಿಕೆ ಆಗ ಯಾರ ಮನಸ್ಸಿಗೂ ಬಂದಿರಲಿಲ್ಲ.

ಆಟವೂ ಬದಲಾಯಿತು. ಪೈಲ್ವಾನ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಮಣ್ಣಿನಲ್ಲಿ ಬೆಳೆದ ಅವರ ಕಾಲಿಗೆ ಮ್ಯಾಟ್ ಹೊಸದು. ಆರನೇ ಸ್ಥಾನ ಬಂತು. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯಲ್ಲಿ ಅದೇ ಮ್ಯಾಟಿನ ಮೇಲೆ ಕಂಚು ಗೆದ್ದರು. ಇಂದು ನೌಕರಿ, ಹಾಸ್ಟೆಲ್, ಪ್ರಶಸ್ತಿ ಎಲ್ಲವೂ ಮ್ಯಾಟಿನ ದಾರಿಯಲ್ಲಿವೆ. ಮೂರು ಮೂರು ನಿಮಿಷದ ಎರಡು ಸುತ್ತು, ತೂಕದ ವರ್ಗ, ಅಂಕಗಳು. ಮಣ್ಣಿನಲ್ಲಿ ಅರ್ಧ ಗಂಟೆ ಹಿಡಿತ ಬಿಡದೆ ನಿಲ್ಲುವ ತಾಳ್ಮೆಗೆ ಅಲ್ಲಿ ಬೆಲೆಯಿಲ್ಲ. 2020ರ ಫೆಬ್ರವರಿಯಲ್ಲಿ ಧಾರವಾಡದಲ್ಲಿ ಸರ್ಕಾರವೇ ಕುಸ್ತಿ ಹಬ್ಬ ಮಾಡಿದಾಗ ಉತ್ತರ ಕರ್ನಾಟಕದ ಪೈಲ್ವಾನರಲ್ಲಿ ಆಸೆ ಚಿಗುರಿತು. ಮುಂದಿನ ತಿಂಗಳೇ ಕೊರೊನಾ. ಆ ಯುಗಾದಿಯ ಜಾತ್ರೆಗಳು ನಿಂತವು, ಮುಂದಿನ ವರ್ಷದ ಸುಗ್ಗಿಯೂ ಹೆಚ್ಚುಕಡಿಮೆ ಹಾಗೇ ಹೋಯಿತು. ಚೇತರಿಸಿಕೊಳ್ಳುವಷ್ಟರಲ್ಲಿ 2023ರ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು.

ಖುರಾಕಿನ ಲೆಕ್ಕ ಇಂಥ ವರ್ಷ ಮನೆಯ ಒಳಗೇ ಜಗಳ ತರುತ್ತದೆ. ಹಾಲು, ತುಪ್ಪ, ಬದಾಮಿ, ತತ್ತಿ. ಕುಸ್ತಿ ಆಡುವ ಒಬ್ಬ ಹುಡುಗನ ಊಟದ ಖರ್ಚಿನಲ್ಲಿ ಉಳಿದವರೆಲ್ಲ ರೊಟ್ಟಿ ತಿನ್ನಬಹುದು. ಮನೆಯ ಎಮ್ಮೆ ಮಾರಿದ ದಿನವೇ ಎಷ್ಟೋ ಹುಡುಗರ ಕುಸ್ತಿ ಮುಗಿಯುತ್ತದೆ. ಯಾವ ದಾಖಲೆಯಲ್ಲೂ ಅದು ಸೋಲೆಂದು ಬರುವುದಿಲ್ಲ, ಅವನು ಮುಂದಿನ ಜಾತ್ರೆಯ ಕಣದಲ್ಲಿ ಕಾಣುವುದಿಲ್ಲ ಅಷ್ಟೆ. ಹಳೆಯ ನಾಲ್ಕು ತಾಲ್ಲೂಕುಗಳು ಈಚಿನ ವರ್ಷಗಳಲ್ಲಿ ಒಡೆದು ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟಿ, ನಿಡಗುಂದಿ, ಕೊಲ್ಹಾರಗಳಾಗಿವೆ. ಹೊಸ ಕಚೇರಿ, ಹೊಸ ಫಲಕ ಬಂದವು. ಗರಡಿಯ ಗೋಡೆಗೆ ಸುಣ್ಣ ಬಳಿಯುವ ಕೆಲಸ ಈಗಲೂ ಊರಿನವರದೇ.

ಈಗ ಪಟ್ಟಿ ಬರುವುದು ಹೆಚ್ಚಾಗಿ ಫೋನಿನಲ್ಲಿ. ಗೋವಾದ ಕಟ್ಟಡದ ಕೆಲಸದಿಂದ, ಮಂಗಳೂರಿನ ಬಂದರಿನಿಂದ, ಬೆಂಗಳೂರಿನ ಗಾರೆ ಕೆಲಸದಿಂದ ಐದುನೂರು, ಸಾವಿರ ರೂಪಾಯಿ ಬಂದು ಬೀಳುತ್ತದೆ. ಜೋಳದ ಪಾಲಿನ ಜಾಗಕ್ಕೆ ಬಂದದ್ದು ಈ ದುಡ್ಡು. ಎಲ್ಲಿ ಹಾಗೆ ಬರುತ್ತದೋ ಅಲ್ಲಿ ಹಿಂಗಾರಿ ಬಿತ್ತನೆ ಮುಗಿದ ಮೇಲೆ ಗರಡಿಯ ಬೀಗ ತೆಗೆಯುತ್ತಾರೆ. ವರ್ಷಗಟ್ಟಲೆ ತುಳಿಯದ ಮಣ್ಣು ಗುದ್ದಲಿಗೆ ಸುಲಭವಾಗಿ ಬಗ್ಗುವುದಿಲ್ಲ, ನೀರು ಹೊಡೆದು ರಾತ್ರಿ ಬಿಟ್ಟು ಮತ್ತೆ ಅಗೆಯಬೇಕು. ಎಣ್ಣೆ ಸುರಿದು, ಮಜ್ಜಿಗೆ ಹಾಕಿ, ಲಿಂಬೆ ಹಿಂಡುತ್ತಾರೆ. ಹೊರಗೆ ಹೊಲದಲ್ಲಿ ಜೋಳ ಹೊಡೆ ಹಾಯುವ ಹೊತ್ತಿಗೆ ಒಳಗೆ ಮಣ್ಣು ಹದಕ್ಕೆ ಬಂದಿರುತ್ತದೆ. ಅದರ ಮೇಲೆ ಮೊದಲು ಇಳಿಯುವವರು ಐದನೇ, ಆರನೇ ಇಯತ್ತೆಯ ಹುಡುಗರು. ಸಾಲೆ ಬಿಟ್ಟ ಮೇಲೆ ಪಾಟಿಚೀಲ ಗೋಡೆಗೆ ಆನಿಸಿಟ್ಟು, ಹಣಮಪ್ಪನಿಗೆ ಕೈಮುಗಿದು, ಒಬ್ಬರ ಹೆಗಲಿಗೊಬ್ಬರು ಮಣ್ಣು ಹಚ್ಚುತ್ತಾರೆ. ಜಾತ್ರೆಯಲ್ಲಿ ಅವರು ಗೆಲ್ಲಲಿರುವುದು ಒಂದೊಂದು ತೆಂಗಿನಕಾಯಿ.